ನಕ್ಷೆಯ ಮೇಲಿಟ್ಟ ಕಲ್ಲು

ಹರಕೆ, ದೃಷ್ಟಿ, ದೆವ್ವ ಎಂದು ಯಾರಾದರೂ ಮಾತು ತೆಗೆದರೆ ನಾನು ಎದ್ದು ಹೋಗುತ್ತಿದ್ದೆ. ನನ್ನ ಕಸುಬು ಜಮೀನು ಅಳೆಯುವುದು. ಅಳತೆಯ ಸರಪಳಿ ಹೇಳಿದ್ದಷ್ಟೇ ನಿಜ ಎಂದುಕೊಂಡು ಬದುಕಿದವನು. ಈಗ ಬರೆಯುತ್ತಿರುವುದನ್ನು ನಂಬಿ ಎಂದು ನಿಮ್ಮನ್ನು ಕೇಳಲು ನನಗೆ ಮುಖವಿಲ್ಲ. ನಿಮ್ಮ ಜಾಗದಲ್ಲಿದ್ದಿದ್ದರೆ ನಾನೂ ನಗುತ್ತಿದ್ದೆ.

ತೊಂಬತ್ತರ ದಶಕದ ಕೊನೆಯ ಮಾತು. ಆಗ ನಾನು ಮುಳಬಾಗಿಲಿನಲ್ಲಿದ್ದೆ. ಶ್ರೀನಿವಾಸಪುರದ ಮುನಿರಾಜು ನನ್ನ ಕಾಲೇಜು ಗೆಳೆಯ, ಒಂದು ವ್ಯಾನ್ ಇಟ್ಟುಕೊಂಡಿದ್ದ. ಬೆಂಗಳೂರಿನವರನ್ನು ಕರೆತಂದು ಅಂತರಗಂಗೆ, ಆವಣಿ, ಕುರುಡುಮಲೆ ತೋರಿಸುವುದು, ಅವನ ಮಾವಿನ ತೋಪಿನಲ್ಲಿ ಮುದ್ದೆ ಊಟ ಹಾಕುವುದು, ರಾತ್ರಿ ಒಂದು ಬೆಟ್ಟದ ಮೇಲೆ ಡೇರೆಯಲ್ಲಿ ಮಲಗಿಸುವುದು, ಇದು ಅವನ ಯೋಜನೆ. ಗಿಡ ಕಡಿಯಬಾರದು, ಸಿಮೆಂಟು ಸುರಿಯಬಾರದು ಎಂದು ನಾವೇ ನಿಯಮ ಮಾಡಿಕೊಂಡಿದ್ದೆವು. ಬೆಟ್ಟಕ್ಕೆ ನಮ್ಮಷ್ಟು ಒಳ್ಳೆಯವರು ಬೇರೆ ಯಾರೂ ಇಲ್ಲ ಎಂಬ ಜಂಬವೂ ಇತ್ತು.

ಡೇರೆಗೆಂದು ಆರಿಸಿದ ಬೆಟ್ಟದ ಹೆಸರು ಹೇಳುವುದಿಲ್ಲ. ಹೇಳಿದರೆ ನೋಡಲು ಹೋಗುತ್ತೀರಿ. ನೆತ್ತಿಯ ಹತ್ತಿರ ಒಂದು ಹಾಳು ಮಂಟಪ, ಅದರ ಮುಂದೆ ಚಪ್ಪಟೆ ಬಂಡೆ. ಬಂಡೆಯ ತುಂಬ ಪುಟ್ಟ ಪುಟ್ಟ ಕಲ್ಲಿನ ಗುಡ್ಡೆಗಳು. ಮನೆ ಬೇಕಾದವರು, ಮಗು ಬೇಕಾದವರು ಅಲ್ಲಿ ಮೂರು ಕಲ್ಲು ಒಂದರ ಮೇಲೊಂದು ಪೇರಿಸಿ ಬೇಡಿಕೊಂಡು ಹೋಗುತ್ತಾರೆ. ನಾನು ಜಾಗದ ನಕ್ಷೆ ಬರೆದು, ಡೇರೆಗೆ ಅಡ್ಡವಾಗಿದ್ದ ಒಂದೊಂದು ಗುಡ್ಡೆಗೂ ಒಂದೊಂದು ಚುಕ್ಕೆ ಇಟ್ಟೆ. ನಲವತ್ತಮೂರು ಚುಕ್ಕೆಗಳಾದವು.

ಕರೆತಂದಿದ್ದ ಇಬ್ಬರು ಕೂಲಿಯವರು ಅವಕ್ಕೆ ಕೈ ಹಾಕಲಿಲ್ಲ. "ವದ್ದು ಸಾರ್, ಬೇಡ. ಇವು ಒಬ್ಬೊಬ್ಬರ ಮನಸ್ಸಲ್ಲಿರೋದು. ನಾವು ಮುಟ್ಟಲ್ಲ" ಎಂದು ಹಿರಿಯವನು ಕೈಮುಗಿದು ಬೆಟ್ಟ ಇಳಿದ. ಇನ್ನೊಬ್ಬನೂ ಅವನ ಹಿಂದೆಯೇ ಹೋದ.

"ಗಿಡ ಮುಟ್ಟಬಾರ್ದು ಅಂತ ತಾನೆ ನಾವು ಅಂದ್ಕೊಂಡಿರೋದು? ಕಲ್ಲಿಗೇನು ಕಣೋ, ನಡಿ, ನಾವೇ ತೆಗೆಯೋಣ" ಎಂದ ಮುನಿರಾಜು.

ಕಾಲಿನಿಂದ ತಳ್ಳಿದರೆ ಸಾಕು, ಉರುಳುತ್ತಿದ್ದವು. ಮಧ್ಯಾಹ್ನದ ಹೊತ್ತಿಗೆ ಬಂಡೆ ಬೋಳಾಯಿತು. ಕೊನೆಯದು ಮಂಟಪದ ನೆರಳಿನಲ್ಲಿತ್ತು. ನಕ್ಷೆ ಗಾಳಿಗೆ ಹಾರುತ್ತಿತ್ತೆಂದು ಆ ಗುಡ್ಡೆಯ ಮೇಲಿನ ಗುಂಡು ಕಲ್ಲನ್ನು ತೆಗೆದು ಕಾಗದದ ಮೇಲಿಟ್ಟೆ. ಅದರ ಸುತ್ತ ಒಂದು ಬಿಳಿ ಗೆರೆಯಿತ್ತು. ಬಿಸಿಲೇ ಬೀಳದ ಜಾಗ, ಆದರೂ ಆಗತಾನೆ ಇಟ್ಟ ಮೊಟ್ಟೆಯ ಹಾಗೆ ಬೆಚ್ಚಗಿತ್ತು. ಉಳಿದೆರಡು ಕಲ್ಲುಗಳನ್ನು ಒದ್ದೆ. ಹೊರಡುವಾಗ ನಕ್ಷೆಯ ಜೊತೆ ಆ ಗುಂಡು ಕಲ್ಲೂ ಚೀಲ ಸೇರಿತು.

ಅಲ್ಲಿಂದ ಬೈಕಿನಲ್ಲಿ ಸೀದಾ ಸುಗಟೂರಿಗೆ ಹೋದೆ. ನನ್ನ ಹೆಂಡತಿ ಶಾರದ ಅಲ್ಲಿ ತವರಿನಲ್ಲಿದ್ದಳು. ಏಳು ತಿಂಗಳ ಬಸುರಿ. ಮದುವೆಯಾಗಿ ಒಂಬತ್ತು ವರ್ಷವಾಗಿತ್ತು, ಹಿಂದೆ ಎರಡು ಸಲ ಗರ್ಭ ನಿಂತಿರಲಿಲ್ಲ. ಈ ಸಲವೂ ಹಾಗಾದರೆ ಅವಳೇ ಉಳಿಯುವುದಿಲ್ಲವೆಂದು ನಾನು ಒಳಗೊಳಗೇ ಹೆದರಿಕೊಂಡಿದ್ದೆ. ನಕ್ಷೆ ತೋರಿಸೋಣವೆಂದು ಚೀಲ ಬಿಚ್ಚಿದಾಗ ಆ ಕಲ್ಲು ಉರುಳಿ ಅವಳ ಕಾಲ ಬಳಿ ನಿಂತಿತು.

"ಇದು ನಂದು" ಎಂದಳು ಶಾರದ. "ಅಮ್ಮನ ಜೊತೆ ಹೋಗಿ ನಾನೇ ಇಟ್ಟಿದ್ದು. ಗೆರೆ ಇರೋದೇ ಬೇಕು ಅಂತ ಹುಡುಕಿ ಹುಡುಕಿ ಇಟ್ಟಿದ್ದೆ. ನೀವು ಬೈತೀರ ಅಂತ ಹೇಳಿರ್ಲಿಲ್ಲ." ಹೊಟ್ಟೆಯ ಮೇಲೆ ಕೈಯಿಟ್ಟಳು. "ರೀ, ಮಧ್ಯಾಹ್ನದಿಂದ ಮಗು ಅಲ್ಲಾಡಿಲ್ಲ."

ಏಳು, ಕೋಲಾರದ ಆಸ್ಪತ್ರೆಗೆ ಹೋಗೋಣ ಎಂದೆ.

"ಆಸ್ಪತ್ರೆಗೆ ಅಪ್ಪ ಕರ್ಕೊಂಡು ಹೋಗ್ತಾರೆ. ನೀವು ಇದನ್ನ ಎಲ್ಲಿಂದ ತಂದ್ರೋ ಅಲ್ಲೇ ಇಟ್ಟು ಬನ್ನಿ" ಎಂದು ಕಲ್ಲನ್ನು ನನ್ನ ಅಂಗೈಗೆ ಹಾಕಿದಳು. ಅವಳು ಅತ್ತಿದ್ದರೆ ವಾದ ಮಾಡುತ್ತಿದ್ದೆನೇನೋ. ಅಳಲಿಲ್ಲ. ಕಲ್ಲು ಇನ್ನೂ ಬೆಚ್ಚಗಿತ್ತು.

ಬೆಟ್ಟ ಹತ್ತಿದಾಗ ಹೊತ್ತು ಮುಳುಗುತ್ತಿತ್ತು. ಬಂಡೆಯ ಮೇಲೆ ಗುಡ್ಡೆಗಳೆಲ್ಲ ಮತ್ತೆ ಎದ್ದು ನಿಂತಿದ್ದವು. ನಕ್ಷೆ ಬಿಚ್ಚಿ ಹಿಡಿದೆ. ಚುಕ್ಕೆಯಿದ್ದಲ್ಲೆಲ್ಲ ಗುಡ್ಡೆಯಿತ್ತು, ಒಂದು ಗೇಣೂ ಆಚೀಚೆ ಇಲ್ಲ. ಮಂಟಪದ ನೆರಳಿನಲ್ಲಿ ಮಾತ್ರ ಎರಡೇ ಕಲ್ಲು. "ಯಾರ್ರೀ ಅಲ್ಲಿ?" ಎಂದು ಕೂಗಿದೆ. ಬೆನ್ನ ಹಿಂದೆ ತುಂಬ ಜನ ಉಸಿರು ಬಿಗಿಹಿಡಿದು ನಿಂತಿದ್ದಾರೆ ಅನಿಸಿತು. ತಿರುಗಿ ನೋಡುವ ಧೈರ್ಯ ಬರಲಿಲ್ಲ. ಕಲ್ಲನ್ನು ಅದರ ಜಾಗದಲ್ಲಿಟ್ಟೆ. ಬೆರಳು ಬಿಡುವಷ್ಟರಲ್ಲಿ ಅದು ಬಾವಿಯೊಳಗಿನ ಕಲ್ಲಿನಷ್ಟು ತಣ್ಣಗಾಗಿತ್ತು.

ಕೋಲಾರ ತಲುಪಿದಾಗ ಶಾರದ ಮಂಚದ ಮೇಲೆ ಮಲಗಿದ್ದಳು. ನನ್ನ ಕೈ ಹಿಡಿದು ಹೊಟ್ಟೆಯ ಮೇಲಿಟ್ಟುಕೊಂಡಳು. ಒಳಗಿನಿಂದ ಮಗು ಒದೆಯಿತು. ನಾನು ಎಲ್ಲರ ಮುಂದೆಯೇ ಅತ್ತುಬಿಟ್ಟೆ. "ಹೊಟ್ಟೇಲಿರೋ ಮಕ್ಕಳೂ ನಿದ್ದೆ ಮಾಡ್ತವೆ ಕಣ್ರೀ" ಎಂದು ಡಾಕ್ಟರಮ್ಮ ನಕ್ಕರು. ಇರಬಹುದು.

ಕೂಲಿಯವರನ್ನು ಹುಡುಕಿಕೊಂಡು ಹೋಗಿ ಕೇಳಿದೆ. ಸೀದಾ ಮನೆಗೆ ಹೋದೆವು, ಮತ್ತೆ ಬೆಟ್ಟ ಹತ್ತಲೇ ಇಲ್ಲ ಎಂದರು. ಅವರು ಸುಳ್ಳು ಹೇಳಿದರು ಅಂತಲೇ ಇಟ್ಟುಕೊಳ್ಳಿ. ನನ್ನ ಚೀಲದಲ್ಲಿದ್ದ ನಕ್ಷೆಯ ಚುಕ್ಕೆಗಳು ಅವರಿಗೆ ಹೇಗೆ ಗೊತ್ತು? ಆ ಬಿಸಿ ಎಲ್ಲಿಯದು? ಎಷ್ಟು ಸಲ ಯೋಚಿಸಿದರೂ ನನಗೆ ಹೊಳೆದಿಲ್ಲ. ಯೋಜನೆ ಅಲ್ಲಿಗೇ ನಿಂತಿತು. ಮುನಿರಾಜು ನನ್ನನ್ನು ಹೇಡಿ ಎಂದು ಬೈದು, ವ್ಯಾನ್ ಮಾರಿ, ಮಾಲೂರಿನಲ್ಲಿ ಕೆಲಸಕ್ಕೆ ಸೇರಿದ.

ಮಗಳಿಗೆ ಈಗ ಎಂಟು ವರ್ಷ. ಅವಳಿಗೆ ಇದೊಂದೂ ಗೊತ್ತಿಲ್ಲ. ಆ ಬೆಟ್ಟಕ್ಕೆ ಈಗ ಬೆಂಗಳೂರಿನಿಂದ ಬೇರೆ ಯಾರೋ ಜನರನ್ನು ಕರೆತರುತ್ತಾರಂತೆ, ಬಂಡೆಯ ಮೇಲೆ ಡೇರೆಯನ್ನೂ ಹಾಕುತ್ತಾರಂತೆ. ಆ ಕಲ್ಲು ಅದರ ಜಾಗದಲ್ಲೇ ಇದೆಯೋ ಇಲ್ಲವೋ, ಹೋಗಿ ನೋಡಲು ನನಗೆ ಧೈರ್ಯವಿಲ್ಲ. ದಿನವೂ ರಾತ್ರಿ ಮಗಳು ನಿದ್ದೆಹೋದ ಮೇಲೆ ಅವಳ ಅಂಗೈ ಮುಟ್ಟಿ ನೋಡುತ್ತೇನೆ. ಬೆಚ್ಚಗಿದ್ದರೆ ದೀಪ ಆರಿಸುತ್ತೇನೆ.