ಗ್ಯಾಲ್ವೆಸ್ಟನ್ನಿನ ಗಾಳಿಯಲ್ಲಿ ಅಪ್ಪನ ಚೆಂಡು

ಮಾರ್ಚ್ ತಿಂಗಳ ಒಂದು ಶುಕ್ರವಾರ ಬೆಳಿಗ್ಗೆ ಡಲ್ಲಾಸ್ ಪಕ್ಕದ ಕಾಪೆಲ್‌ನ ಮನೆಯಿಂದ ಹೊರಟಾಗ ಕಾರಿನ ಹಿಂದೆ ಎರಡು ಚೀಲಗಳಿದ್ದವು. ಒಂದರಲ್ಲಿ ಚಿತ್ರಾನ್ನ, ಚಪಾತಿ. ಇನ್ನೊಂದರಲ್ಲಿ ಎದುರುಮನೆಯವರಿಂದ ಕೇಳಿ ತಂದ ಗಾಲ್ಫ್ ಕೋಲುಗಳು. ಮುಂದಿನ ಸೀಟಿನಲ್ಲಿ ನನ್ನ ಅಪ್ಪ. ಕೋಲಾರದ ಚಿನ್ನದ ಗಣಿಯಲ್ಲಿ ಇಂಜಿನಿಯರ್ ಆಗಿದ್ದು ನಿವೃತ್ತರಾದವರು, ಸಂಜೆಯಾದರೆ ಅಲ್ಲಿನ ಒಣ ಮೈದಾನದಲ್ಲಿ ಗಾಲ್ಫ್ ಆಡುತ್ತಿದ್ದವರು. ಗ್ಲಾಕೋಮಾದಿಂದ ಬಲಗಣ್ಣು ಆಗಲೇ ಹೋಗಿತ್ತು, ಎಡಗಣ್ಣು ಮಬ್ಬಾಗುತ್ತಿತ್ತು. ಹೋದ ನೋಟ ವಾಪಸ್ ಬರುವುದಿಲ್ಲವೆಂದು ಡಲ್ಲಾಸಿನ ಡಾಕ್ಟರೂ ಹೇಳಿದ ಮೇಲೆ ಅಪ್ಪ ಕೇಳಿದ್ದು ಒಂದೇ.

"ಸಮುದ್ರದ ಪಕ್ಕದ ಕೋರ್ಸಲ್ಲಿ ಒಂದ್ಸಲ ಆಡ್ಬೇಕು ಪುಟ್ಟಿ. ಹುಲ್ಲಿನ ಮೇಲೆ ಒಂದೇ ಒಂದು ಚೆಂಡು ಕುಳಿಗೆ ಹಾಕಿದ್ರೆ ಸಾಕು."

ಹ್ಯೂಸ್ಟನ್ ಸುಮಾರು ಇನ್ನೂರೈವತ್ತು ಮೈಲಿ. ಮ್ಯಾಪ್ ಹಿಡಿದು ದಾರಿ ಹೇಳುವ ಕೆಲಸ ನನ್ನದಾಗಿದ್ದರಿಂದ ಅದು ಇನ್ನೂ ಸ್ವಲ್ಪ ಹೆಚ್ಚೇ ಆಯಿತು. ಒಂದೇ ಪೆಟ್ರೋಲ್ ಬಂಕನ್ನು ಎರಡು ಸಲ ದಾಟಿದಾಗ ನಮ್ಮ ಯಜಮಾನರು, "ಇಲ್ಲೇ ಒಂದು ಸೈಟ್ ತಗೊಂಡ್ಬಿಡೋಣ, ಪರಿಚಯ ಆಗಿದೆ" ಎಂದರು. ರಾತ್ರಿ ಹ್ಯೂಸ್ಟನ್ನಿನ ಹೋಟೆಲಿನಲ್ಲಿ ಉಳಿದೆವು. ಅಲ್ಲಿನ ಗಾಳಿ ಒಗೆದು ಸರಿಯಾಗಿ ಹಿಂಡದ ಬಟ್ಟೆಯ ಹಾಗಿತ್ತು. ಮರುದಿನ ಐವತ್ತು ಮೈಲಿ ದಕ್ಷಿಣಕ್ಕೆ ಹೋಗಿ, ಉದ್ದನೆಯ ಸೇತುವೆ ದಾಟಿದರೆ ಗ್ಯಾಲ್ವೆಸ್ಟನ್ ದ್ವೀಪ.

ಕೋರ್ಸಿನಲ್ಲಿ ಮರಗಳೇ ಇರಲಿಲ್ಲ. ಮರಳುದಿಬ್ಬ, ಮಂಡಿಯೆತ್ತರದ ಹುಲ್ಲು, ಆಚೆ ಕಂದು ಬಣ್ಣದ ಸಮುದ್ರ. ಗಾಳಿಯ ರಭಸಕ್ಕೆ ಕಾರಿನ ಬಾಗಿಲು ತೆಗೆಯಲು ಯಜಮಾನರು ಭುಜ ಕೊಟ್ಟು ತಳ್ಳಬೇಕಾಯಿತು. ಕೌಂಟರಿನವರು ನಮ್ಮ ಜೊತೆಗೆ ಬೆಟಿ ಎಂಬ ಹಿರಿಯ ಹೆಂಗಸನ್ನು ಸೇರಿಸಿದರು. ಅವರು ನಿವೃತ್ತ ಟೀಚರ್, ಟೋಪಿಯನ್ನು ಗದ್ದದ ಕೆಳಗೆ ಸ್ಕಾರ್ಫಿನಿಂದ ಕಟ್ಟಿಕೊಂಡಿದ್ದರು. ಅಪ್ಪ ಮತ್ತು ಬೆಟಿ ಆಡುವವರು, ಯಜಮಾನರು ಪುಟ್ಟ ಗಾಡಿ ಓಡಿಸುವವರು. ಚೆಂಡು ಎಲ್ಲಿ ಬಿತ್ತೆಂದು ನೋಡಿ ಹೇಳುವುದು ನಾನು.

ಆಗ ಶುರುವಾಯಿತು ನನ್ನ ಗೊಂದಲ. ಕುಳಿಯಲ್ಲಿ ನೆಟ್ಟ ಬಾವುಟ ನೇರ ಎದುರಿಗಿತ್ತು, ಬೆಟಿ ಮಾತ್ರ ಎಡಗಡೆ ದೂರದ ನೀರಿನ ಟ್ಯಾಂಕಿಗೆ ಗುರಿಯಿಟ್ಟು ಹೊಡೆಯಲು ಹೇಳಿದರು. ಅಪ್ಪ ಹಾಗೇ ಹೊಡೆದರು. ಚೆಂಡು ಎಡಕ್ಕೆ ಹೋಗಿ, ಮನೆಯಲ್ಲಿ ಏನೋ ಮರೆತುಬಂದವರ ಹಾಗೆ ತಡೆದು, ಬಲಕ್ಕೆ ತಿರುಗಿತು.

"ಎಲ್ಲಿ ಬಿತ್ತು?"

"ಎಡಗಡೆ ಅಪ್ಪ... ಅಲ್ಲ, ಬಲಗಡೆ. ತಡೀರಿ, ಅದು ಹಕ್ಕಿ!"

"ಮಾವ, ಇವಳಿಗಿಂತ ನಿಮ್ಮ ಎಡಗಣ್ಣೇ ವಾಸಿ" ಎಂದರು ಯಜಮಾನರು.

ಬೆಟಿಯವರು ಮಾತ್ರ ಪ್ರತಿ ಹೊಡೆತಕ್ಕೂ ಮುಂಚೆ ನನ್ನ ದುಪಟ್ಟಾ ಯಾವ ಕಡೆ ಹಾರುತ್ತಿದೆ ಎಂದು ನೋಡುತ್ತಿದ್ದರು. ಅಷ್ಟರ ಮಟ್ಟಿಗೆ ನಾನು ಉಪಯೋಗಕ್ಕೆ ಬಂದೆ.

ಮೂರನೆಯ ಕುಳಿಯ ಹತ್ತಿರ ಅನಾಹುತವಾಯಿತು. ನಮ್ಮ ಗಣಿಯ ಊರಿನಲ್ಲಿ ಕುಳಿಯ ಸುತ್ತ ಹುಲ್ಲಿರಲಿಲ್ಲ. ಎಣ್ಣೆ ಬೆರೆಸಿದ ಮರಳು ಹಾಸಿರುತ್ತಿದ್ದರು. ಕಾನ್ವೆಂಟಿನಿಂದ ಬಂದ ಮೇಲೆ ನಾನು ಅಪ್ಪನ ಜೊತೆ ಹೋಗಿ, ಅವರು ಹೊಡೆಯುವ ಮೊದಲು ಚೆಂಡಿನಿಂದ ಕುಳಿಯವರೆಗೆ ಮರಳನ್ನು ಹಲಗೆಯಿಂದ ಎಳೆದು ಸಮ ಮಾಡಿಕೊಡುತ್ತಿದ್ದೆ. ಇಲ್ಲಿ ಮರಳುಗುಂಡಿಯ ಪಕ್ಕ, ಅದರ ಮರಳನ್ನು ಸಮ ಮಾಡುವ ಒಂದು ಹಲ್ಲುಕೋಲು ಬಿದ್ದಿತ್ತು. ಯೋಚನೆಯನ್ನೇ ಮಾಡದೆ ಅದನ್ನು ತಂದು, ಅಪ್ಪನ ಚೆಂಡಿನ ಮುಂದೆ ನುಣುಪಾದ ಹುಲ್ಲಿನ ಮೇಲೆ ಜೋರಾಗಿ ಎಳೆದೆ.

"ನೋ, ನೋ, ಹನಿ!" ಬೆಟಿ ಕಿರುಚಿದರು.

ಮೈದಾನದ ಮೇಲ್ವಿಚಾರಕ ಗಾಡಿಯಲ್ಲಿ ಬಂದಿಳಿದ. ಹುಲ್ಲಿನ ಮೇಲಿನ ಗೀರುಗಳನ್ನೂ ನನ್ನನ್ನೂ ನೋಡಿ, ದಯವಿಟ್ಟು ಇಲ್ಲಿಗೆ ನಿಲ್ಲಿಸಿ ಹೊರಡಿ ಎಂದ. ನನ್ನಿಂದಾಗಿ ಅಪ್ಪ ಒಂದು ಚೆಂಡನ್ನೂ ಹಾಕದೆ ವಾಪಸ್ ಹೋಗಬೇಕೇ? ಅಪ್ಪ ನಿಧಾನವಾಗಿ ಮಂಡಿಯೂರಿ, ಹುಲ್ಲಿನ ಮೇಲೆ ಅಂಗೈ ಆಡಿಸಿದರು.

"ನಮ್ಮೂರಲ್ಲಿ ಇದು ಮರಳು" ಎಂದು ಅವನಿಗೆ ಇಂಗ್ಲಿಷಿನಲ್ಲಿ ಹೇಳಿದರು. "ಇವಳು ನನಗೆ ದಾರಿ ಮಾಡಿಕೊಡುತ್ತಿದ್ದಳು. ಹುಲ್ಲು ಹೀಗಿರುತ್ತೆ ಅಂತ ನನಗೂ ಇವತ್ತೇ ಗೊತ್ತಾಗಿದ್ದು."

ಅವನು ಟೋಪಿ ತೆಗೆದು ತಲೆ ಕೆರೆದುಕೊಂಡ. ಆಮೇಲೆ ತಾನೂ ಮಂಡಿಯೂರಿ ಗೀರುಗಳನ್ನು ಒತ್ತಿ ಸರಿಮಾಡಿ, ಹಲ್ಲುಕೋಲನ್ನು ತನ್ನ ಗಾಡಿಯಲ್ಲೇ ಹಾಕಿಕೊಂಡು ಹೋದ.

ನಾವು ಒಂಬತ್ತು ಕುಳಿಗಳಿಗಷ್ಟೇ ದುಡ್ಡು ಕಟ್ಟಿದ್ದೆವು. ಎಂಟು ಮುಗಿದರೂ ಅಪ್ಪನ ಚೆಂಡು ಒಂದೂ ಒಳಗೆ ಬೀಳಲಿಲ್ಲ. ಕುಳಿ ಅವರಿಗೆ ಕಾಣುತ್ತಿರಲಿಲ್ಲ. ಸರಿಯಾಗಿ ಹೋದದ್ದನ್ನು ಗಾಳಿ ತಪ್ಪಿಸುತ್ತಿತ್ತು. ನಮ್ಮ ಹಿಂದೆ ಆಡಲು ನಾಲ್ಕು ಜನ ಕಾಯುತ್ತಿದ್ದುದರಿಂದ ಪ್ರತಿ ಸಲವೂ ಚೆಂಡನ್ನು ಕೈಯಲ್ಲೇ ಎತ್ತಿಕೊಂಡು ಮುಂದೆ ಹೋಗಬೇಕಾಗುತ್ತಿತ್ತು.

ಒಂಬತ್ತನೆಯದರಲ್ಲಿ ಬೆಟಿ ನನ್ನನ್ನು ಕುಳಿಯ ಹತ್ತಿರ ನಿಲ್ಲಿಸಿ, ಅದರಲ್ಲಿದ್ದ ಬಾವುಟದ ಕೋಲನ್ನು ಹಿಡಿದುಕೊಳ್ಳಲು ಹೇಳಿದರು. "ಮಾತಾಡ್ತಾ ಇರು. ಚೆಂಡು ಹತ್ತಿರ ಬಂದಾಗ ಕೋಲು ಎತ್ತು."

ಏನು ಮಾತಾಡಲಿ? "ಇಲ್ಲಿದೀನಿ ಅಪ್ಪ. ಇಲ್ಲಿ. ಚಿತ್ರಾನ್ನ ಇನ್ನೂ ಉಳಿದಿದೆ. ಇಲ್ಲಿ ಅಪ್ಪ."

ಅಪ್ಪ ತಲೆ ಓರೆ ಮಾಡಿ ಕೇಳಿಸಿಕೊಂಡು ಮೆಲ್ಲಗೆ ತಟ್ಟಿದರು. ನಾನು ಕೋಲನ್ನು ಕಿತ್ತುಕೊಂಡು ಹಿಂದೆ ಸರಿದೆ. ಚೆಂಡು ಉರುಳಿ ಬಂದು ಕುಳಿಯ ಅಂಚಿಗೇ ನಿಂತುಬಿಟ್ಟಿತು.

"ಬಿತ್ತಾ?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. ಅವರ ಮುಖವನ್ನೇ ನೋಡುತ್ತಾ, "ಇಲ್ಲ ಅಪ್ಪ, ಸ್ವಲ್ಪದರಲ್ಲಿ..." ಎಂದೆ.

"ಬಿತ್ತಲ್ಲೇ!" ಎಂದರು ಅಪ್ಪ.

ತಿರುಗಿ ನೋಡಿದರೆ ಅಂಚಿನಲ್ಲಿ ಚೆಂಡಿಲ್ಲ. ಗಾಳಿ ತಳ್ಳಿತ್ತು. ಕುಳಿಯ ತಳಕ್ಕೆ ಅದು ತಾಗಿದ ಸದ್ದು ಅಷ್ಟು ದೂರದಲ್ಲಿದ್ದ ಅವರಿಗೆ ಕೇಳಿಸಿತ್ತು, ಪಕ್ಕದಲ್ಲಿದ್ದ ನನಗೆ ಕೇಳಿಸಿರಲಿಲ್ಲ. ಬೆಟಿ ಅಪ್ಪನನ್ನು ತಬ್ಬಿಕೊಂಡರು. ಯಜಮಾನರು ಶಿಳ್ಳೆ ಹೊಡೆದರು. ಅಪ್ಪ ಕುಳಿಗೆ ಕೈ ಹಾಕಿ ಚೆಂಡನ್ನು ತೆಗೆದು, ಒರೆಸದೆ ಹಾಗೇ ಜೇಬಿಗೆ ಹಾಕಿಕೊಂಡರು.

ಅವರ ತೋಳು ಹಿಡಿದು ಕಾರಿನ ಕಡೆ ನಡೆಯುವಾಗ ಹಿಂದಿನಿಂದ ಕೂಗು ಕೇಳಿಸಿತು. ನಮ್ಮ ಹಿಂದೆ ಆಡುತ್ತಿದ್ದ ಆ ನಾಲ್ವರೂ ಎರಡೂ ಕೈ ಬೀಸುತ್ತಿದ್ದರು.

"ಯಾರೇ ಪುಟ್ಟಿ?"

"ನಿಮಗೆ ಕಂಗ್ರಾಜುಲೇಶನ್ಸ್ ಹೇಳ್ತಿದಾರೆ ಅಪ್ಪ" ಎಂದು ನಾನೂ ಕೈಯೆತ್ತಿ ಬೀಸಿದೆ. ನನ್ನ ಕೈಯಲ್ಲೇ ಉಳಿದಿದ್ದ ಕುಳಿಯ ಬಾವುಟ ಪಟಪಟ ಹೊಡೆದುಕೊಂಡಿತು.