ಕುದುರೆಯ ತಂದೆಯನ್ನು ಯಾರೂ ಕೇಳಲಿಲ್ಲ

ನಮ್ಮದು ಅಳಿಯಕಟ್ಟಿನ ಕುಟುಂಬ. ಮನೆತನ, ಆಸ್ತಿ, ಬಳಿ ಎನ್ನುವ ಗೋತ್ರ ಎಲ್ಲವೂ ತಾಯಿಯ ಕಡೆಯಿಂದ ಬರುವುದು. ತಂದೆ ಎಂದರೆ ಉಂಡು ಹೋಗುವ ಮರ್ಯಾದಸ್ಥ. ಈ ಧರ್ಮವನ್ನು ನನ್ನ ಸೋದರಮಾವ ಕುದುರೆಗೂ ಅನ್ವಯಿಸಿದರು.

ತೊಂಬತ್ತರ ದಶಕದ ಕೊನೆಯಲ್ಲಿ, ಕಾಪುವಿನ ಕಡಲ ಬದಿಯಲ್ಲಿ ಪ್ರವಾಸಿಗರ ಸವಾರಿಗೆಂದು, ರೇಸ್ ಬಿಟ್ಟ ಗಬ್ಬದ ಕುದುರೆಯೊಂದನ್ನು ಬೆಂಗಳೂರಿನಿಂದ ತಂದರು. ಮಾರುವವನಲ್ಲಿ ಕೇಳಿದ್ದು ಅದರ ತಾಯಿಯ ವಿಚಾರ ಮಾತ್ರ. ತಾಯಿ ಗಟ್ಟಿಮುಟ್ಟಾಗಿ ಓಡಿತ್ತಂತೆ. ವಂಶಾವಳಿಯ ಕಾಗದ ನನ್ನ ಕೈಗೂ ಬಂದಿತ್ತು. ಕಾರ್ಕಳದಲ್ಲಿ ಮೊಹರು ಒತ್ತುವ ಅಧಿಕಾರವಿದ್ದ ಪಶುವೈದ್ಯ ನಾನು. ನಾನೂ ತಾಯಿಯ ಸಾಲನ್ನಷ್ಟೇ ಓದಿ ಮಡಚಿಟ್ಟೆ.

ಒಂದು ದಿನ ವಿಶ್ರಾಂತಿ ಕೊಟ್ಟು, ಮಾವ ಪ್ರೀತಿಯಿಂದ ಹೊಟ್ಟೆ ತುಂಬ ಬೇಯಿಸಿದ ಹುರುಳಿ ತಿನ್ನಿಸಿದ್ದರು. ಮರುದಿನ ಮರಳಿನಲ್ಲಿ ಸ್ವಲ್ಪ ಓಡುವುದರೊಳಗೆ ಕುದುರೆ ನೆಟ್ಟ ಕಂಬದಂತೆ ನಿಂತುಬಿಟ್ಟಿತು. ಮೈಯೆಲ್ಲ ಬೆವರು, ಹಿಂಭಾಗದ ಸ್ನಾಯು ಕಲ್ಲು, ಉಚ್ಚೆ ಕಾಫಿಯ ಬಣ್ಣ.

ರಕ್ತವನ್ನು ಮಣಿಪಾಲದ ಒಂದು ಲ್ಯಾಬಿಗೆ ಕೊಟ್ಟೆ. ಅದು ಮನುಷ್ಯರ ಲ್ಯಾಬು. ಚೀಟಿಯಲ್ಲಿ ವಯಸ್ಸು ಏಳು, ಹೆಣ್ಣು ಎಂದು ಸತ್ಯವನ್ನೇ ಬರೆದಿದ್ದೆ. ಸ್ನಾಯು ಒಡೆದಾಗ ರಕ್ತಕ್ಕೆ ಸೋರುವ ಕಿಣ್ವದ ಅಂಕಿ ಯಂತ್ರದ ಮಿತಿಯನ್ನೇ ದಾಟಿತ್ತು. ಅಲ್ಲಿನ ಹೆಂಗಸು ಮೆಲ್ಲಗೆ ಕೇಳಿದರು: "ಸರ್, ಮಗುವಿಗೆ ಜೀವ ಉಂಟಲ್ಲ?"

ಉಂಟು, ನಿಂತುಕೊಂಡಿದೆ ಎಂದೆ.

ಎಸ್‌ಟಿಡಿ ಬೂತಿನಿಂದ ಬೆಂಗಳೂರಿನ ಕುದುರೆ ವೈದ್ಯರೊಬ್ಬರಿಗೆ ಫೋನ್ ಮಾಡಿ, ಮಡಚಿಟ್ಟ ಕಾಗದ ಬಿಡಿಸಿ ಕುದುರೆಯ ತಂದೆಯ ಹೆಸರು ಓದಿ ಹೇಳಿದೆ. ಅವರು ನಿಟ್ಟುಸಿರು ಬಿಟ್ಟರು. ಆ ಗಂಡಿನ ಮಕ್ಕಳಲ್ಲಿ ಹಲವಕ್ಕೆ ಇದೇ ಕಾಯಿಲೆಯಂತೆ. ತಂದೆ ತಾಯಿಯರಲ್ಲಿ ಒಬ್ಬರು ಕೊಟ್ಟರೂ ಸಾಕು, ಮಕ್ಕಳಲ್ಲಿ ಅರ್ಧಕ್ಕೆ ಬರುತ್ತದೆ ಎಂದು ತೋರುತ್ತದೆ. ಪತ್ತೆಹಚ್ಚುವ ಪರೀಕ್ಷೆ ಮಾತ್ರ ಇಲ್ಲ, ಓಡಿಸಿಯೇ ನೋಡಬೇಕು ಎಂದರು.

ಮಾವ ಕೇಳಿದ್ದು ಒಂದೇ.

"ಹೊಟ್ಟೆಯಲ್ಲಿರುವುದಕ್ಕೆ ಎಂತ?"

"ಬಂದರೂ ಬಂತು, ಇಲ್ಲದಿದ್ದರೆ ಇಲ್ಲ ಮಾವ. ಇನ್ನು ಬರುವುದಾದರೆ ತಾಯಿಯ ಕಡೆಯಿಂದಲೇ."

"ಹಾಗಾದರೆ ನಮ್ಮ ಕಟ್ಟಿನ ಪ್ರಕಾರವೇ ಆಯಿತಲ್ವಾ ಮಾರಾಯ," ಎಂದರು. ನಗಲಿಲ್ಲ.

ಹೆಣ್ಣು ಮರಿ ಹುಟ್ಟಿತು. ಮುಂದಿನ ಬೇಸಿಗೆಯಲ್ಲಿ ತಾಯಿಗೆ ಮೂರನೆಯ ಸಲ ಸ್ನಾಯು ಸೆಟೆದು, ಮೂತ್ರಪಿಂಡ ಸೋತಿತು. ಡ್ರಿಪ್ಪಿನ ಬಾಟಲಿಗಳೊಂದಿಗೆ ನಾನು ಬಸ್ಸಿಳಿಯುವಾಗ ಹೊಂಡ ತೋಡುತ್ತಿದ್ದರು.

ಆಮೇಲೆ ಎರಡು ವರ್ಷ ಮಾವ ಮರಿಯನ್ನು ಓಡಲು ಬಿಡಲಿಲ್ಲ. ರೇಸಿನ ವಂಶದ ಆ ಪ್ರಾಣಿಯನ್ನು ಹಗ್ಗ ಹಿಡಿದು, ಮದುವೆಗೆ ಹೊರಟ ಅಜ್ಜಿಯ ನಡಿಗೆಯಲ್ಲಿ ಮರಳ ಮೇಲೆ ಕರೆದೊಯ್ಯುತ್ತಿದ್ದರು. ಓಡದಿದ್ದರೆ ತಿಳಿಯುವುದಿಲ್ಲ, ತಿಳಿಯದಿದ್ದರೆ ಕಾಯಿಲೆಯೂ ಇಲ್ಲ ಎಂಬುದು ಅವರ ವಿಜ್ಞಾನ. ನನ್ನ ವಿಜ್ಞಾನದ ಬಳಿ ಅದಕ್ಕಿಂತ ಒಳ್ಳೆಯದೇನೂ ಇರಲಿಲ್ಲ.

ಒಂದು ಬೆಳಗ್ಗೆ ಅದು ಹಗ್ಗ ಕಿತ್ತುಕೊಂಡು, ಯಾರೂ ಕಲಿಸದ ಓಟವನ್ನು ದೀಪಸ್ತಂಭದವರೆಗೂ ಓಡಿತಂತೆ. ಎಷ್ಟು ಚಂದ ಓಡಿತು ಎಂದು ನೋಡಿದವರು ಹೇಳುತ್ತಿದ್ದರು. ನಾನು ತಲುಪುವಾಗ ಅದು ಅಲ್ಲೇ ನಿಂತಿತ್ತು. ಹಿಂಭಾಗದ ಸ್ನಾಯುವಿನ ಮೇಲೆ ಕೈಯಿಟ್ಟೆ.

ಮಾವ ಕಡಲಿನ ಕಡೆಗೆ ಮುಖ ಮಾಡಿಕೊಂಡಿದ್ದರು.

"ಹೇಳುವುದು ಬೇಡ," ಎಂದರು.