ನನ್ನ ಹಳೆಯ ಕ್ಯಾಮೆರಾ ಹಿಡಿದ ಅಕ್ಕ

ಅಕ್ಕನ ಎಡಗೈಯಲ್ಲಿ ಹಸಿರು ಬಳೆಗಳ ನಡುವೆ ಯಾವಾಗಲೂ ಮೂರು-ನಾಲ್ಕು ರಬ್ಬರ್ ಬ್ಯಾಂಡುಗಳಿರುತ್ತಿದ್ದವು. ರೊಟ್ಟಿ ಬಡಿಯುವಾಗಲೂ ತೆಗೆಯುತ್ತಿರಲಿಲ್ಲ. ಮಣಿಕಟ್ಟಿನ ಮೇಲೆ ಅವುಗಳ ಕೆಂಪು ಗೆರೆ ಬಿದ್ದಿರುತ್ತಿತ್ತು. ಬೆಳಕು ಮೆತ್ತಗಾಗಲೆಂದು ಫ್ಲ್ಯಾಶಿನ ಬಾಯಿಗೆ ಬಟರ್ ಪೇಪರ್ ಸುತ್ತಲಿಕ್ಕೆ, ಟ್ರೈಪಾಡಿನ ಸಡಿಲಾದ ಕಾಲು ಬಿಗಿಯಲಿಕ್ಕೆ, ಕಿಟಕಿಯ ಸರಳಿಗೆ ಏನಾದರೂ ಸಿಕ್ಕಿಸಲಿಕ್ಕೆ ಅವು ಬೇಕಾಗುತ್ತಿದ್ದವು. “ಬಳಿ ಚಂದಕ್ಕ, ಇವು ಕೆಲಸಕ್ಕ,” ಎನ್ನುತ್ತಿದ್ದಳು.

ಅಕ್ಕ ಎಂದರೆ ನನ್ನ ಗಂಡನ ಅಣ್ಣನ ಹೆಂಡತಿ. ಹೂವಿನಹಡಗಲಿಯ ಒಂದೇ ಮನೆಗೆ ಇಬ್ಬರೂ ಸೊಸೆಯರಾಗಿ ಬಂದವರು. ಮನೆಗೆ ಕ್ಯಾಮೆರಾ ತಂದವಳು ಮಾತ್ರ ನಾನು. ಮದುವೆಗೆ ಮೊದಲೇ ಹೊಸಪೇಟೆಯ ಸ್ಟುಡಿಯೊ ಒಂದರಲ್ಲಿ ಕೆಲಸ ಕಲಿತಿದ್ದೆ. ಬಸುರಿಯ ಕುಬಸ, ಕೂಸಿನ ತೊಟ್ಟಿಲು ಮುಂತಾದ ಹೆಣ್ಣುಮಕ್ಕಳ ಕಾರ್ಯಗಳಿಗೆ ಹೆಂಗಸೇ ಬಂದು ಫೋಟೊ ತೆಗೆದರೆ ಚೆನ್ನ ಎನ್ನುವ ಮನೆಗಳು ನಮ್ಮ ಕಡೆ ಬಹಳ. ಕೊಟ್ಟೂರಿನವರೆಗೂ ನನ್ನನ್ನು ಕರೆಯುತ್ತಿದ್ದರು. ಅಕ್ಕ ನನ್ನ ಬ್ಯಾಗು ಹಿಡಿದು ಜೊತೆಗೆ ಬರುತ್ತಿದ್ದಳು. ಆ ದಿನಗಳಲ್ಲಿ ನನಗೆ ಅವಳ ಮೇಲೆ ಬಹಳ ಪ್ರೀತಿಯಿತ್ತು.

ನಾನು ಹೊಸ ಕ್ಯಾಮೆರಾ ಕೊಂಡಾಗ ಹಳೆಯದನ್ನು ಅಕ್ಕನಿಗೆ ಕೊಟ್ಟೆ. ಬಣ್ಣ ಸವೆದು ಬಿಳಿಚಿಕೊಂಡಿದ್ದ ಕ್ಯಾಮೆರಾ ಅದು. ಮರುವಾರವೇ ಅಕ್ಕ ದಾವಣಗೆರೆಗೆ ಹೋಗಿ ದೊಡ್ಡದೊಂದು ಚೀಲ ತುಂಬಿಕೊಂಡು ಬಂದಳು. ಪಡಸಾಲೆಯಲ್ಲಿ ಚಾಪೆ ಹಾಸಿ ಒಂದೊಂದನ್ನೇ ತೆಗೆದಿಟ್ಟಳು: ಮಡಚಿದರೆ ತಟ್ಟೆಯಷ್ಟಾಗುವ, ಬಿಚ್ಚಿದರೆ ಮೊರಕ್ಕಿಂತ ದೊಡ್ಡದಾಗುವ ಬೆಳಕನ್ನು ಮುಖಕ್ಕೆ ಮರಳಿಸುವ ಬೆಳ್ಳಿ ಬಣ್ಣದ ರಿಫ್ಲೆಕ್ಟರ್, ಬೇಕಾದ ಹಾಗೆ ಬಾಗುವ ಕಾಲುಗಳ ಟ್ರೈಪಾಡ್, ಅಂಗೈಯಗಲದ ಲೈಟು, ಧೂಳು ಊದುವ ರಬ್ಬರ್ ಬುಗ್ಗಿ, ಯಾರೋ ಬಳಸಿ ಬಿಟ್ಟ ಫ್ಲ್ಯಾಶು. ಒಂದೂ ದುಬಾರಿಯದಲ್ಲ. ಪ್ರತಿಯೊಂದಕ್ಕೂ ಅಂಗಡಿಯವನ ಜೊತೆ ಹೇಗೆ ಜಗಳಾಡಿದೆ ಎಂದು ಮನೆಮಂದಿಗೆಲ್ಲ ಹೇಳಿದ್ದೇ ಹೇಳಿದ್ದು.

“ಇವೆಲ್ಲ ಆಟಿಗಿ ಸಾಮಾನು ಅಕ್ಕಾ,” ಎಂದು ನಾನು ನಕ್ಕೆ.

“ಆಟಿಗಿನೇ ಆಗ್ಲಿ. ನೀ ಮುಟ್ಟಬ್ಯಾಡ ಮತ್ತ,” ಎಂದಳು. ಹೇಳಿದಂತೆಯೇ ಯಾರಿಗೂ ಮುಟ್ಟಗೊಡಲಿಲ್ಲ.

ಕೋಗಳಿಯಲ್ಲಿ ಒಂದು ಕುಬಸಕ್ಕೆ ಹೋಗಿದ್ದೆವು. ದಪ್ಪ ಗೋಡೆಯ ಹಳೆಯ ಮನೆ. ಒಳಗೆ ಹಗಲಿನಲ್ಲೂ ಮಬ್ಬುಗತ್ತಲೆ. ನಾನು ಫ್ಲ್ಯಾಶ್ ಹಾಕಿ ತೆಗೆದ ಫೋಟೊಗಳಲ್ಲಿ ಬಸುರಿ ಹುಡುಗಿಯ ಮುಖ ಸುಣ್ಣ ಬಳಿದಂತೆ ಬೆಳ್ಳಗಾಗಿತ್ತು. ಮತ್ತೆ ಮತ್ತೆ ತೆಗೆದೆ, ಹಾಗೆಯೇ ಬಂತು. ಅಷ್ಟರಲ್ಲಿ ಅಕ್ಕ ಹಿತ್ತಲ ಬಾಗಿಲು ತೆರೆಸಿ, ಅದಕ್ಕೊಂದು ತೆಳ್ಳನೆಯ ಬಿಳಿ ಪಂಚೆ ಇಳಿಬಿಟ್ಟು, ಹುಡುಗಿಯನ್ನು ಅದರ ಪಕ್ಕಕ್ಕೆ ಕೂರಿಸಿದ್ದಳು. ರಿಫ್ಲೆಕ್ಟರನ್ನು ಆ ಮನೆಯ ಅಜ್ಜಿಯ ತೊಡೆಯ ಮೇಲಿಟ್ಟು, “ಅಜ್ಜೀ, ಇದನ್ನ ಹಿಂಗ ಹಿಡಕೊಂಡು ಮೊಮ್ಮಗಳ್ನ ನೋಡ್ರಿ,” ಎಂದಳು.

“ಇದೇನವ್ವ, ಕನ್ನಡಿ ತಂದೀಯೇನು?” ಎಂದು ಅಜ್ಜಿ ಕೇಳಿದ್ದಕ್ಕೆ ಹುಡುಗಿ ನಕ್ಕಳು. ಆ ನಗುವನ್ನೇ ಅಕ್ಕ ಹಿಡಿದಳು. ಬಾಗಿಲಿನ ಬೆಳಕು ಹಸಿರು ಸೀರೆಯ ಮೇಲಿಂದ ಹರಿದು ಹುಡುಗಿಯ ಕೆನ್ನೆಗೆ ಬಂದು ನಿಂತಿತ್ತು. ನನ್ನದೇ ಹಳೆಯ ಕ್ಯಾಮೆರಾದಲ್ಲಿ ಅಂಥದೊಂದು ಫೋಟೊವನ್ನು ನಾನು ಒಮ್ಮೆಯೂ ತೆಗೆದಿರಲಿಲ್ಲ.

ಕೆಲವು ತಿಂಗಳ ಮೇಲೆ ಅದೇ ಮನೆಯಿಂದ ನನ್ನ ಫೋನಿಗೆ ಕರೆ ಬಂತು. “ಅಕ್ಕಾರು ಅದಾರೇನ್ರಿ? ತೊಟ್ಟಿಲ ಕಾರ್ಯ ಐತಿ, ಅವ್ರನ್ನ ಕಳಸ್ರಿ,” ಎಂದರು. ಫೋನನ್ನು ಅಕ್ಕನ ಕೈಗೆ ಕೊಟ್ಟು ಅಡುಗೆಮನೆಗೆ ಹೋದೆ. ಒಲೆಯ ಮೇಲಿದ್ದ ಸಾರಿಗೆ ಎರಡು ಸಲ ಉಪ್ಪು ಹಾಕಿದೆ.

ಆಮೇಲೆ ಹುಡುಗಿಯರು ಬರತೊಡಗಿದರು. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ ಕಡೆಯಿಂದ, ಹೊಸದಾಗಿ ಕ್ಯಾಮೆರಾ ಹಿಡಿದವರು. ಏನು ಕೊಳ್ಳಬೇಕು, ಏನು ಬೇಡ ಎಂದು ಕೇಳಲು ಅಕ್ಕನ ಬಳಿಗೇ ಬರುತ್ತಿದ್ದರು. ಸ್ಟುಡಿಯೊದಲ್ಲಿ ಕಲಿತವಳು ಪಕ್ಕದಲ್ಲೇ ಕೂತಿದ್ದರೂ ಯಾರೂ ನನ್ನನ್ನು ಕೇಳಲಿಲ್ಲ. “ಲೆನ್ಸು ಆಮ್ಯಾಲ ನೋಡಾಣಂತ. ಮದ್ಲು ಒಂದು ಬಿಳಿ ಥರ್ಮಾಕೋಲ್ ಹಾಳಿ ತಗೊಳ್ರಿ, ಬೆಳಕು ಎಲ್ಲಿಂದ ಬರ್ತೈತಿ ನೋಡೋದು ಕಲೀರಿ,” ಎಂದು ಅಕ್ಕ ಗತ್ತಿನಿಂದ ಹೇಳುತ್ತಿದ್ದಳು. ನಾನು ಅವರಿಗೆಲ್ಲ ಚಹಾ ಮಾಡಿಕೊಡುತ್ತಿದ್ದೆ.

ಇಷ್ಟನ್ನೂ ನುಂಗಿಕೊಳ್ಳುತ್ತಿದ್ದೆನೋ ಏನೋ. ಆದರೆ ನನ್ನ ಮಗಳ ವಿಷಯ ಬೇರೆ.

ಎಂಟನೆಯ ತರಗತಿಯಲ್ಲಿದ್ದಾಗ ಅವಳ ಎಡಗಣ್ಣಿನ ಸುತ್ತ ಬಿಳಿ ಮಚ್ಚೆ ಕಾಣಿಸಿಕೊಂಡಿತು. ನಿಧಾನಕ್ಕೆ ತುಟಿಯ ಅಂಚಿಗೂ ಹಬ್ಬಿತು. ಅಂಟುವಂಥದ್ದಲ್ಲ, ಜೀವಕ್ಕೆ ಏನೂ ತೊಂದರೆಯಿಲ್ಲ ಎಂದು ಡಾಕ್ಟರು ಹೇಳಿದರು. ಮಗಳು ಮಾತ್ರ ಕ್ಯಾಮೆರಾ ಕಂಡರೆ ಒಳಗೆ ಓಡುತ್ತಿದ್ದಳು. ಊರವರ ಮಕ್ಕಳ ಫೋಟೊ ತೆಗೆಯುವ ನನ್ನ ಬಳಿ ಎರಡು ವರ್ಷ ನನ್ನ ಮಗಳದೇ ಒಂದು ಫೋಟೊ ಇರಲಿಲ್ಲ. ಒಮ್ಮೆ ಊಟದ ಹೊತ್ತಿನಲ್ಲಿ, “ಬಲಗಡಿಂದ ತಗೀತೀನಿ ಬಾರವ್ವ, ಕಾಣಂಗಿಲ್ಲ,” ಎಂದೆ. ತಟ್ಟೆ ಬಿಟ್ಟು ಎದ್ದುಹೋದಳು.

ಅಕ್ಕ ಅವಳನ್ನು ಫೋಟೊಗೆ ಕರೆಯಲೇ ಇಲ್ಲ. ಯಾರಿಗೂ ಮುಟ್ಟಗೊಡದ ರಿಫ್ಲೆಕ್ಟರನ್ನು ಒಂದು ಸಂಜೆ ಅವಳ ಕೈಗೆ ಕೊಟ್ಟು, “ನಡಿ ಮಾಳಗಿ ಮ್ಯಾಲ. ನನ್ನ ಮಾರಿಗೆ ಬೆಳಕು ಹಾಕು,” ಎಂದು ಕರೆದುಕೊಂಡು ಹೋದಳು. ಮರುದಿನ ಕ್ಯಾಮೆರಾವನ್ನೇ ಕೊಟ್ಟಳು. ಕಪ್ಪು ಕನ್ನಡಕ ಹಾಕಿ, ಸೊಂಟದ ಮೇಲೆ ಕೈಯಿಟ್ಟು, ಅಕ್ಕ ರಾಣಿಯಂತೆ ನಿಲ್ಲುವುದು, ಮಗಳು ತೆಗೆಯುವುದು. ಕೆಳಗೆ ಮಲ್ಲಿಗೆ ಮೊಗ್ಗು ಆರಿಸುತ್ತ ಕೂತವಳಿಗೆ ಮಗಳ ನಗು ಕೇಳುತ್ತಿತ್ತು. ಅವಳು ನಗುವುದನ್ನು ಕೇಳಿ ಎಷ್ಟೋ ಕಾಲವಾಗಿತ್ತು. ಸಂತೋಷವಾಗಬೇಕಿತ್ತು. ಆಯಿತು ಕೂಡ. ಆದರೆ ಆ ನಗು ತರಿಸಿದವಳು ನಾನಲ್ಲವಲ್ಲ ಎಂಬುದೂ ಬೆನ್ನಿಗೇ ನೆನಪಾಗುತ್ತಿತ್ತು.

ಒಂದು ಸಂಜೆ ಒಣಗಿದ ಬಟ್ಟೆ ತರಲು ಮೇಲೆ ಹೊರಟವಳು ಮೆಟ್ಟಿಲ ಮೇಲೇ ನಿಂತೆ.

“ದೊಡ್ಡವ್ವ, ಇವತ್ತು ನಂದು ತಗಿ.”

“ಯಾವ ಕಡಿಂದ ತಗೀಲಿ?” ಎಂದಳು ಅಕ್ಕ.

ಮಗಳು ಎಡಗೆನ್ನೆ ಮುಟ್ಟಿ ತೋರಿಸಿದಳು. “ಈ ಕಡಿಂದ.”

“ಹಂಗಾರ ಬಿಸಲಿನ ಕಡಿ ಹೊಳ್ಳು. ಗದ್ದ ಚೂರು ಎತ್ತು. ಹಾಂ, ನಿಂದ್ರು.”

ಆ ಫೋಟೊ ನಮ್ಮ ಪಡಸಾಲೆಯಲ್ಲಿದೆ. ಮಚ್ಚೆ ಮರೆಯಾಗಿಲ್ಲ, ಎದ್ದು ಕಾಣುವಂತೆಯೂ ಇಲ್ಲ. ಅವಳ ಹುಬ್ಬು, ಮೂಗಿನಂತೆ ಅದೂ ಅವಳ ಮುಖದಲ್ಲಿದೆ. ಮಗಳು ನೋಡುವವರನ್ನು ನೇರವಾಗಿ ನೋಡುತ್ತಿದ್ದಾಳೆ. ಹೆತ್ತವಳು ನಾನು, ಕ್ಯಾಮೆರಾ ಕೊಟ್ಟವಳೂ ನಾನು. ಆ ನೋಟ ಮಾತ್ರ ಅಕ್ಕನಿಗೆ ಸಿಕ್ಕಿತು.

ತಡೆಯಲಾರದೆ ಕೇಳಿಯೇಬಿಟ್ಟೆ. “ಆಕಿ ನನ್ನ ಯಾಕ ಕೇಳಲಿಲ್ಲ ಅಕ್ಕಾ?”

“ನನ್ನಂಗ ತಗಿಯಾಕ ನಿನಗ ಬರಂಗಿಲ್ಲ, ಅದಕ್ಕ,” ಎಂದು ನಕ್ಕಳು. ನನ್ನ ಮುಖ ನೋಡಿ ನಗು ನಿಲ್ಲಿಸಿದಳು. “ತಂಗೀ, ಕ್ಯಾಮೆರಾ ಎತ್ತೂದ್ರಾಗ ನಿನ್ನ ಕಣ್ಣಾಗ ನೀರು ಬಂದಿರ್ತಾವು. ಆ ಕೂಸು ಫೋಟೊಕ್ಕ ನಿಲ್ಲಬೇಕೋ, ನಿನ್ನ ಸಮಾಧಾನ ಮಾಡಬೇಕೋ?”

ಅವಳ ಮಾತು ನಿಜವೆಂದು ಗೊತ್ತಾಗಿ ನನ್ನ ಸಿಟ್ಟು ಇನ್ನೂ ಹೆಚ್ಚಾಯಿತು.

ಹೋದ ಬೇಸಿಗೆಯ ಒಂದು ಬೆಳಿಗ್ಗೆ ಅಕ್ಕ ಎದೆನೋವು ಎಂದಳು. ದಾವಣಗೆರೆಯ ಆಸ್ಪತ್ರೆಗೆಂದು ಹೊರಟೆವು. ಹರಪನಹಳ್ಳಿ ದಾಟುವ ಹೊತ್ತಿಗೆ ನನ್ನ ಹೆಗಲಿಗೊರಗಿದ್ದ ತಲೆ ಭಾರವಾಯಿತು. ಕಾರು ನಿಲ್ಲಿಸಿ ಎಂದು ಕೂಗಿದ್ದಷ್ಟೇ ನೆನಪು. ಅಕ್ಕನ ಮಣ್ಣಿಗೆ ಬಂದ ಆ ಕ್ಯಾಮೆರಾ ಹುಡುಗಿಯರಲ್ಲಿ ಒಬ್ಬಳು ನನ್ನ ಕೊರಳಿಗೆ ಬಿದ್ದು, “ಇಂಥಾ ಅಕ್ಕ ನಮಗಿನ್ನ ಎಲ್ಲಿ ಸಿಗ್ತಾಳ್ರಿ,” ಎಂದು ಅತ್ತಳು. ನಾನೂ ಅತ್ತೆ. ಅಳುತ್ತಲೇ, ನಾನು ಹೋದ ದಿನ ನನಗಾಗಿ ಹೀಗೆ ಯಾರು ಬಂದಾರು ಎಂಬ ಯೋಚನೆಯೂ ಬಂತು.

ಮಗಳು ಈಗ ಕಾಲೇಜಿನಲ್ಲಿದ್ದಾಳೆ. ಅಕ್ಕನ ಸಾಮಾನೆಲ್ಲ ಅವಳ ಬಳಿಯೇ ಇದೆ. ಉಚ್ಚಂಗಿದುರ್ಗಕ್ಕೆ ಹೋಗಿದ್ದಾಗ ಕೋಟೆಯ ಬಂಡೆಗೊರಗಿ ಕೂತ ನನ್ನದೊಂದು ಫೋಟೊ ತೆಗೆದಳು. ದಣಿದ ಮುಖ, ಹಣೆಗಂಟಿದ ನರೆಗೂದಲು, ಆದರೂ ನಾನು ಇಷ್ಟು ಚೆನ್ನಾಗಿದ್ದೇನೆಯೇ ಅನ್ನಿಸಿತು. ಮೊನ್ನೆ ನೆಂಟರೊಬ್ಬರು ಅದನ್ನು ನನ್ನ ಫೋನಿನಲ್ಲಿ ನೋಡಿ, “ಯಾರು ತಗದಾರ್ರಿ ಇದನ್ನ? ಥೇಟ್ ನಿಮ್ಮಕ್ಕ ತಗದಂಗ ಐತಿ,” ಎಂದರು.

ಪಕ್ಕದಲ್ಲಿದ್ದ ಮಗಳು ನಾನು ಏನನ್ನುತ್ತೇನೋ ಎಂದು ನನ್ನ ಮುಖವನ್ನೇ ನೋಡಿದಳು. ನಾನು ಫೋನನ್ನು ಈಸಿಕೊಂಡು ಆ ಫೋಟೊವನ್ನು ಮತ್ತೊಮ್ಮೆ ನೋಡಿದೆ.

“ಹೌದ್ರಿ,” ಎಂದೆ. “ನನ್ನ ಮಗಳಿಗೆ ಅಕ್ಕಾನೇ ಕಲಿಸ್ಯಾಳ.”